ಹುಂಡಿಗೆ ಹಾಕಿದ ಬಡ್ಡಿ

ಈ ಪ್ರಕರಣ ಬರೀಲಿಕ್ಕೆ ಆಕೀನ ಹೂಂ ಅಂದಾಳ. ಹೆಸರು, ಮನಿಯವರ ಉದ್ಯೋಗ, ರೊಕ್ಕದ ಅಂಕಿ ಎಲ್ಲಾ ಬದ್ಲಿ ಮಾಡೇನಿ, ಯಾರಿಗೂ ಗುರ್ತು ಹತ್ತಬಾರದು ಅಂತ. ಶಾಂತವ್ವ ಅನ್ನೂಣು. ಗದಗ ಕಡೆ ಒಂದು ಹಳ್ಳಿ, ನಲವತ್ತು ದಾಟಿದಾಕಿ, ಗಂಡ ಹಮಾಲಿ ಮಾಡ್ತಾನ, ಎರಡ ಎಕರೆ ಹೊಲ, ಇಬ್ರು ಮಕ್ಕಳು. ಹುಬ್ಬಳ್ಳಿಯಾಗ ಆಪ್ತಸಲಹಾ ಮಾಡೂ ನನ್ನ ಹತ್ರ ಬಂದದ್ದು ನಿದ್ದಿ ಬರೂದಿಲ್ಲ ಅಂತ, ಅದೂ ಊರ ಡಾಕ್ಟರ್ ಕಳಿಸಿದ್ದಕ್ಕ, ತಾನಾಗೇ ಏನ್ ಬಂದಿದ್ದಿಲ್ಲ.

ಮೊದಲನೇ ದಿನ ಕುರ್ಚಿ ತುದಿಗೆ ಕುಂತು ಚೀಲದಾಗಿಂದ ಒಂದು ಪ್ಲಾಸ್ಟಿಕ್ ಕವರ್ ತಗದ್ಲು, ಗುಳಿಗಿ ಚೀಟಿ ಇರಬೇಕು ಅಂತ ನಾ ಕೈ ಚಾಚಿದೆ. ನೋಡಿದ್ರ ಐದು ಮುಡಿಪು. ಅರಿಷಿಣ ಹಚ್ಚಿದ ಅರಿವಿ ತುಂಡಿನಾಗ ಒಂದೊಂದು ರೂಪಾಯಿ ಇಟ್ಟು ದಾರ ಸುತ್ತಿ ಕಟ್ಟಿದ್ದು, ಒಂದರದಂತೂ ಅರಿಷಿಣ ಹೋಗಿ ಬೆಳ್ಳಗಾಗಿತ್ತು, ದಾರದ ಕಡೆ ಮಾತ್ರ ಹಳದಿ ಉಳದಿತ್ತು. ಟೇಬಲ್ ಮ್ಯಾಲೆ ಸಾಲಾಗಿ ಇಟ್ಲು. "ಇದು ಗುಡ್ಡದ ಎಲ್ಲಮ್ಮಂದ್ರಿ, ಇದು ಸಿದ್ಧಾರೂಢ ಅಜ್ಜಾರದು, ಇದು ಶಿರಹಟ್ಟಿ ಫಕೀರೇಶ್ವರಂದು, ಇದು ನಮ್ಮೂರ ಹಣಮಪ್ಪಂದು, ಇದು ಮನಿದೇವರದ್ರಿ. ಒಯ್ದು ಮುಟ್ಟಸ್ತೀನ್ರಿ ಅಕ್ಕಾರ, ಬಂದ ಮ್ಯಾಲೆ ಹೊಳ್ಳಿ ಕಟ್ಟಬೇಕ ಅನಸ್ತೈತಿ."

ಸೋಮವಾರ, ಗುರುವಾರ, ಶನಿವಾರ ಒಪ್ಪತ್ತು. ಭರತ ಹುಣ್ಣಿಮಿಗೆ ಸವದತ್ತಿ ಗುಡ್ಡಕ್ಕ ನಡಕೊಂಡು ಹೋಗೂದು, ದೀಡ ನಮಸ್ಕಾರ ಹಾಕಿ ಹಾಕಿ ಎರಡೂ ಮೊಳಕಾಲಿಗೆ ಕರೆ ಕಟ್ಟಿತ್ತು. ಅಮಾಸಿಗೆ ಅಮಾಸಿಗೆ ಹುಬ್ಬಳ್ಳಿ ಮಠಕ್ಕ ಬಂದು ದಾಸೋಹದ ಮನಿಯಾಗ ಅಕ್ಕಿ ಹಸನ ಮಾಡಿ ಹೋಗೂದು. ಇಷ್ಟೆಲ್ಲಾ ನಾಕು ವರ್ಷದಿಂದ. ಯಾಕ ಅಂತ ಕೇಳಿದ್ರ ಒಂದ ಮಾತು, "ತಪ್ಪಾಗೇತ್ರಿ, ರೊಕ್ಕದ್ದು, ಆದ್ರ ಕಟ್ಟೀನ್ರಿ."

ನಾ ಮಾಡಿದ ತಪ್ಪು ಇಲ್ಲೇ ಹೇಳಿಬಿಡ್ತೀನಿ. ರೊಕ್ಕ ಕಟ್ಟೀನಿ ಅಂದ್ಲಲ್ಲ, ಹಂಗಾದ್ರ ಮುಗೀತು, ಇನ್ನ ಉಳದಿದ್ದು ಮನಸಿಗೆ ಸಮಾಧಾನ ಹೇಳೂದು ಅಂತ ಎರಡು ಭೇಟಿ ಹಾಳ ಮಾಡಿದೆ. ಉಸಿರಾಟದ ವ್ಯಾಯಾಮ ಕಲಿಸಿದೆ, ನಿಮ್ಮನ್ನ ನೀವೇ ಕ್ಷಮಿಸ್ಕೋರಿ ಅಂತ ನಾವು ಹೇಳೂ ಮಾಮೂಲಿ ಮಾತು ಹೇಳಿದೆ. ಆಕಿ ತಲಿ ಅಲ್ಲಾಡಿಸಿ ಮನಿಗೆ ಹೋಗಿ ಆರನೇ ಮುಡಿಪು ಕಟ್ಟಿದ್ಲು.

ಮೂರನೇ ಸಲ ಬಂದಾಗ ಫೀಸಿನ ರಸೀದಿಗೆ ಸಹಿ ಮಾಡ್ರಿ ಅಂದೆ, ಪೆನ್ನು ಹಿಡದಾಕಿ ಹಂಗ ನಿಂತ್ಲು, ಬಟ್ಟು ಗಡಗಡ. "ಸಹಿ ಮಾಡಾಕ ಆಗೂದಿಲ್ರಿ, ಬ್ಯಾಂಕಿನ್ಯಾಗೂ ಹಿಂಗ ಆಕ್ಕೈತಿ" ಅಂದ್ಲು. ಬ್ಯಾಂಕಿನ್ಯಾಗ ನೀವು ಯಾಕ ಸಹಿ ಮಾಡ್ತೀರಿ ಅಂತ ಕೇಳಿದೆ ನೋಡ್ರಿ, ಆಗ ಬಂತು ಎಲ್ಲಾ.

ಸ್ವಸಹಾಯ ಸಂಘ. ಹದಿನಾಕು ಮಂದಿ, ಶುಕ್ರವಾರ ಸಭೆ, ಇಬ್ರು ಪ್ರತಿನಿಧಿ, ಅದರಾಗ ಈಕಿ ಒಬ್ಬಾಕಿ. ಸಂಘದ ಪುಸ್ತಕ ಬರಿಯಾಕಿ ಕಸ್ತೂರಿ (ಇದೂ ಬದ್ಲಿ ಹೆಸರ), ಗಂಡ ತೀರ್ಕೊಂಡಾನ, ಮನಿಯಾಗ ಬ್ಲೌಸ್ ಹೊಲೀತಾಳ. ಒಂದ ಜುಲೈದಾಗ ಶಾಂತವ್ವನ ಗಂಡಗ ಅಪೆಂಡಿಕ್ಸ್ ಆಪರೇಷನ್ ಆತು. ಅದ ವಾರ ಸಂಘದ ಸಾಲದ ಕಂತು ಹದಿನೆಂಟು ಸಾವಿರ ಬ್ಯಾಂಕಿಗೆ ಕಟ್ಟಾಕ ಈಕಿ ಕೈಯಾಗಿತ್ತು, ಅದನ್ನ ಆಸ್ಪತ್ರಿಗೆ ಕಟ್ಟಿದ್ಲು. ಸಂಘದಾಗ ತುರ್ತು ಸಾಲ ಕೇಳಬಹುದಿತ್ತು, ಆದ್ರ ಹಿಂದಿನ ಸಾಲ ಇನ್ನೂ ತೀರಿದ್ದಿಲ್ಲ, ಕೇಳಾಕ ಮಾರಿ ಇದ್ದಿದ್ದಿಲ್ಲ. ಸಭೆಯಾಗ "ಬ್ಯಾಂಕಿಗೆ ಕಟ್ಟೀನಿ, ಬರಕೋ" ಅಂದ್ಲು, ಕಸ್ತೂರಿ ಬರಕೊಂಡ್ಲು. ಸಪ್ಟೆಂಬರ್‌ದಾಗ ಹೊಲದ ಹೆಸರುಕಾಳು ಮಾರಿ ರೊಕ್ಕ ಬಂದ ಕೂಡ್ಲೆ ಪೂರ್ತಿ ಕಟ್ಟಿದ್ಲು, ಒಂದು ರೂಪಾಯಿ ಕಡಿಮಿ ಇಲ್ಲ.

ಸಂಘಗಳ ಒಕ್ಕೂಟದಿಂದ ಪುಸ್ತಕ ತಪಾಸಣಿಗೆ ಬಂದವರು ಕೇಳಿದ್ರು, ಸಂಘದ ಪುಸ್ತಕದಾಗ ಜುಲೈ ಐತಿ, ಪಾಸ್‌ಬುಕ್ಕಿನ್ಯಾಗ ಸಪ್ಟೆಂಬರ್ ಐತಿ, ನಡುವ ರೊಕ್ಕ ಎಲ್ಲಿತ್ತು ಅಂತ. ಅಕ್ಷರ ಕಸ್ತೂರೀವು, ಎಲ್ಲಾರೂ ಆಕೀನ್ನ ನೋಡಿದ್ರು. "ಶಾಂತಕ್ಕ ಹೇಳಿದ್ದಕ್ಕ ಬರದೇನ್ರಿ" ಅಂದ್ಲು ಆಕಿ. ಶಾಂತವ್ವ ಏನಂದ್ಲು?

"ನಂಗ ನೆನಪಿಲ್ಲ."

ಅಷ್ಟ. ಹೊರಗ ಯಾರೂ ಕಸ್ತೂರಿಗೆ ಕಳ್ಳಿ ಅನ್ನಲಿಲ್ಲ, ಹಳ್ಳಿಯಾಗ ಹಂಗ ಅನ್ನೂದೂ ಇಲ್ಲ, "ಕೈ ಸುಮಾರು" ಅಂದ್ರು. ಎರಡು ವಾರ ಬಿಟ್ಟು ಆಕಿ ಸಂಘ ಬಿಟ್ಲು. ಹೊಲಿಯಾಕ ಅರಿವಿ ಕೊಡೂ ಮಂದೀನೂ ಕಡಿಮಿ ಆತು.

1905ರಾಗ ಕಣಗಿನಹಾಳದಾಗ ಸಹಕಾರಿ ಸಂಘ ಕಟ್ಟಿದ ಜಿಲ್ಲಾ ಇದು, ಏಷ್ಯಾದಾಗ ಮೊದಲನೇದು ಅಂತ ಈಗೂ ಹೆಮ್ಮಿಲೆ ಹೇಳ್ತಾರ. ಸಂಘದ ಪುಸ್ತಕ ಅಂದ್ರ ಇಲ್ಲಿ ಸಣ್ಣ ಮಾತಲ್ಲ. ಮಹಿಳಾ ಸಂಘಗಳಿಗೂ ಪಂಚಸೂತ್ರ ಅಂತ ಕಲಿಸ್ತಾರಲ್ಲ, ಸಭೆ, ಉಳಿತಾಯ, ಸಾಲ, ಮರುಪಾವತಿ ಆದ ಮ್ಯಾಲೆ ಐದನೇದು ಪುಸ್ತಕ ಸರಿಯಾಗಿ ಬರಿಯೂದು. ಆ ಐದನೇದರಾಗ ಒಬ್ಬಾಕಿ ಹೆಸರು ಕೆಟ್ಟಿತ್ತು, ನಾಕು ವರ್ಷದಿಂದ ಹಂಗ ಇತ್ತು.

ಇಲ್ಲಿ ನಮ್ಮ ಕೆಲಸದ ಒಂದು ಮಾತು. ಏನೂ ತಪ್ಪು ಮಾಡದವರೂ ಪಾಪ ಪಾಪ ಅಂತ ಕೊರಗ್ತಾರ, ದೀಪ ಸರಿ ಹಚ್ಚಿದ್ನೋ ಇಲ್ಲೋ ಅಂತ ಹತ್ತು ಸಲ ನೋಡ್ತಾರ, ಅದು ಗೀಳು, ಅದರ ಚಿಕಿತ್ಸೆ ಬ್ಯಾರೆ, ಅವರಿಗೆ ಪ್ರಾಯಶ್ಚಿತ್ತ ಮಾಡ್ರಿ ಅಂದ್ರ ಬೆಂಕಿಗೆ ಎಣ್ಣಿ ಹಾಕಿದಂಗ. ಖರೇನ ಒಂದು ಕೆಲಸ ಬಾಕಿ ಇಟ್ಕೊಂಡು ಕೊರಗೋರಿಗೆ ಸಮಾಧಾನ ಹೇಳಿದ್ರ ಆ ಬಾಕಿಗೆ ನಾವೂ ಪಾಲುದಾರರು. ಶಾಂತವ್ವ ಎರಡನೇ ಪೈಕಿ ಅಂತ ನನಗ ಅನಿಸಿದ್ರೂ ಖಾತ್ರಿ ಮಾಡ್ಕೊಳ್ಳಾಕ ಧಾರವಾಡದ ಮಾನಸಿಕ ಆಸ್ಪತ್ರಿ ಡಿಮ್ಹಾನ್ಸ್‌ಗೆ ಕಳಿಸಿದೆ. ಸಾಯಬೇಕು ಅನಿಸಿತ್ತೇನ್ರಿ ಅಂತ ನೆಟ್ಟಗ ಕೇಳಿದೆ, ಕೇಳಿದ್ರ ಇಲ್ಲದ ವಿಚಾರ ತಲ್ಯಾಗ ಹೊಗತೈತಿ ಅಂತ ಮಂದಿ ಅಂಜತಾರ, ಹಂಗೇನೂ ಇಲ್ಲ, ಕೇಳಿದ್ರ ಹಗುರ ಆಗ್ತಾರ. "ಒಮ್ಮೆ ಬಾವಿ ಕಟ್ಟಿ ಮ್ಯಾಲೆ ಕುಂತಿದ್ನಿರಿ" ಅಂದ್ಲು. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ನಂಬರ್ 14416 ಆಕಿ ಮಗಳ ಫೋನಿನ್ಯಾಗ ಹಾಕಿಸಿದೆ, ರಾತ್ರಿ ಎಷ್ಟೊತ್ತಿಗಾದ್ರೂ ಮಾಡ್ರಿ, ಕನ್ನಡದಾಗ ಮಾತಾಡ್ತಾರ ಅಂತ. ಗುಳಿಗಿಲೆ ನಿದ್ದಿ ಸ್ವಲ್ಪ ಸುಧಾರಿಸ್ತು. ಒಪ್ಪತ್ತು ವಾರಕ್ಕ ಒಂದ ದಿನ ಸಾಕು ಅಂದೆ, ರಕ್ತ ಕಡಿಮಿ ಐತಿ ಅಂತ ರಿಪೋರ್ಟ್ ಬಂದಿತ್ತು, ಅದಕ್ಕ ಮಾತ್ರ ಬಹಳ ಜಗಳಾಡಿ ಒಪ್ಪಿದ್ಲು.

ನಮ್ಮ ಕಡೇನ ಕೆಲವರು ಹೇಳ್ತಾರ, ಈ ಮುಡಿಪು ಗಿಡಿಪು ಮೂಢನಂಬಿಕಿ, ಮೊದಲ ಅದನ್ನ ಬಿಡಸ್ರಿ ಅಂತ. ನಾ ಒಪ್ಪೂದಿಲ್ಲ. ಊರು ಮರತಿತ್ತು, ಗಂಡ ಮರತಿದ್ದ, ಸಂಘ ಮರತಿತ್ತು, ಆಕೀನ್ನ ಮರೀಗೊಡದೆ ಹಿಡಕೊಂಡಿದ್ದು ಆ ದೇವರ ಅಂಜಿಕಿ ಒಂದ. ಅದನ್ನ ಬಿಡಿಸಿದ್ರ ನಿದ್ದಿ ಬರತಿತ್ತು ಖರೆ, ಕಸ್ತೂರಿ ಗತಿ?

ಆದ್ರ ಅದ ದೇವರ ಹೆಸರು ಹೇಳಿ ತಪ್ಪಿಸ್ಕೊಳ್ಳೂದೂ ಆಕಿಗೆ ಗೊತ್ತಿತ್ತು. "ಎಲ್ಲಾ ಅಂವನ ಇಚ್ಛಾರಿ, ಅವತ್ತ ಆ ರೊಕ್ಕ ನನ್ನ ಕೈಯಾಗ ಯಾಕ ಇರಬೇಕಿತ್ತು, ಅಂವನ ಕೊಟ್ಟಿದ್ದು" ಅಂದ್ಲು. ಆಯ್ತವಾ ಅಂದೆ, ರೊಕ್ಕ ಕೊಟ್ಟಾಂವ ಅಂವ, ಹೆಸರುಕಾಳು ಬೆಳಿಸಿ ತೀರಿಸಿದಾಂವ ಅಂವ, ನೆನಪಿಲ್ಲ ಅಂದದ್ದು ಯಾರು? ಭಾಳ ಹೊತ್ತು ಸುಮ್ಮ ಕುಂತ್ಲು. ಆಮ್ಯಾಲೆ ಸೆರಗಿಲೆ ಮಾರಿ ಒರಸ್ಕೊಂಡು "ನಾನ್ರಿ" ಅಂದ್ಲು. ಮಠದ ಅಜ್ಜಾರಿಗೆ ಇದನ್ನ ಹೇಳಿದ್ದಿಲ್ಲ, ಅವರಿಗೂ "ತಪ್ಪಾಗೇತಿ" ಅಂತಷ್ಟ ಹೇಳಿದ್ದು, ಪಾಪ ಅವರು ಸೇವಾ ಮಾಡವಾ ಅಂದಿದ್ರು. ಅರ್ಧಾ ಹೇಳಿದ್ರ ಯಾರಾದ್ರೂ ಅರ್ಧಾನ ಉತ್ತರ ಕೊಡ್ತಾರ, ನಾನೂ ಅದನ್ನ ಮಾಡಿದ್ನೆಲ್ಲ.

ಆಮ್ಯಾಲೆ ಲೆಕ್ಕಕ್ಕ ಕುಂತ್ವಿ, ಖರೇನ ಹಾಳಿ ಪೆನ್ನು ತಗೊಂಡು. ಸಂಘದ ಬಡ್ಡಿ ತಿಂಗಳಿಗೆ ನೂರಕ್ಕ ಎರಡು. ಹದಿನೆಂಟು ಸಾವಿರಕ್ಕ ತಿಂಗಳಿಗೆ 360, ಎರಡು ತಿಂಗಳಿಗೆ 720. ಈಕಿ ಆ ವರ್ಷ ಒಂದು ಗುಡಿ ಹುಂಡಿಗೆ 1,101 ಹಾಕಿದ್ಲು, ಸಂಘಕ್ಕ 720 ಕೊಟ್ಟಿದ್ದಿಲ್ಲ. ಆ ಅಂಕಿ ನೋಡಿ ಆಕೀಗ ನಗು ಬಂತು, ನಾಕು ವರ್ಷದಾಗ ರೊಕ್ಕದ ಮಾತಿಗೆ ನಕ್ಕಿದ್ದು ಅದ ಮೊದಲು ಅಂತ ತಾನ ಹೇಳಿದ್ಲು.

ಸಲಹಾ ಕೊಟ್ಟದ್ದು ಹಿಂಗ. ಮೊದಲ ಕಸ್ತೂರಿಗೆ ಹೇಳಬೇಕು, ಸಂಘಕ್ಕ ಆಮ್ಯಾಲೆ, ಮಂದಿ ಮುಂದ ಗೊತ್ತಾದ್ರ ಆಕಿಗೆ ಅದು ಎರಡನೇ ಅಪಮಾನ. ಹೋಗುವಾಗ ಸೀರಿ, ಕಾಯಿ, ಉಡಿ ತುಂಬೂ ಸಾಮಾನು ಏನೂ ಒಯ್ಯಬಾರದು, ಉಡಿ ತುಂಬಾಕ ಬಂದಾಕೀನ ಬೈಯಾಕ ಬರೂದಿಲ್ಲ, ಆಕಿಗೆ ಬೈಯೂ ಹಕ್ಕು ಉಳೀಬೇಕು. ಗಂಡನ ಆಪರೇಷನ್ ಮಾತಿಂದ ಶುರು ಮಾಡಬಾರದು. "ನೀ ಖರೇ ಹೇಳಿದ್ದಿ, ನಾ ಸುಳ್ಳ ಹೇಳಿದ್ನಿ" ಅಂತ ಶುರು ಮಾಡೂದು. ಕ್ಷಮಾ ಅದ ದಿನ ಕೇಳಬಾರದು, ಕೇಳಿದ್ರ ಅದು ಮತ್ತೊಂದು ಸಾಲ ಕೇಳಿದಂಗ. ಈ ಮಾತನ್ನ ನನ್ನ ರೂಮಿನ್ಯಾಗ ನಾಕು ಸಲ ಹೇಳಿಸಿದೆ, ಮೂರು ಸಲ ಅಪೆಂಡಿಕ್ಸಿಂದನ ಶುರು ಮಾಡಿದ್ಲು.

ಇನ್ನೊಂದು, ಸಂಘದವರು ಕಂಪ್ಲೇಂಟ್ ಕೊಟ್ರೂ ಕೊಡಬಹುದು, ಅದನ್ನ ಮುಚ್ಚಿಟ್ಟು ಹೋಗ್ರಿ ಅನ್ನಾಕ ನನಗ ಆಗೂದಿಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಾಗ ಹೆಣ್ಮಕ್ಕಳಿಗೆ ಆದಾಯ ಎಷ್ಟ ಇದ್ರೂ ವಕೀಲರ ನೆರವು ಪುಕ್ಕಟೆ ಸಿಗತೈತಿ, ಮೊದಲ ಅಲ್ಲಿ ಹೋಗಿ ಕೇಳ್ಕೊಂಡು ಬರ್ರಿ ಅಂದೆ, ಹೋಗಿ ಬಂದ್ಲು. ಗಂಡ ಒಂದ ಸಲ ನನ್ನ ಹತ್ರ ಬಂದು "ಹೋದದ್ದು ಹೋತು, ಯಾಕ ಕೆದಕತೀರಿ" ಅಂತ ರೇಗಾಡಿದ, ಅವನ ಅಂಜಿಕಿನೂ ಸುಳ್ಳಲ್ಲ. ಹೋಗೂದು ಬಿಡೂದು ಆಕಿ ಕೈಯಾಗ ಐತಿ, ನಾ ಜಗ್ಗೂದಿಲ್ಲ ಅಂದೆ. ಎರಡು ತಿಂಗಳು ಬರಲಿಲ್ಲ ಆಕಿ. ಬಿಟ್ಲು ಅಂತ ಫೈಲ್ ಕೆಳಗ ಇಟ್ಟಿದ್ದೆ.

ಒಂದ ದಿನ ಬಂದು ಕುಂತ್ಲು, ಈ ಸಲ ಕುರ್ಚಿಗೆ ಬೆನ್ನ ಹಚ್ಚಿ. ಹೋಗಿದ್ಲಂತ. ಕಸ್ತೂರಿ ಮಷಿನ್ ನಿಲ್ಲಿಸದ ಕೇಳಿದ್ಲಂತ, ಕಾಲು ತುಳಿಯೂದು ಹಂಗ ನಡದಿತ್ತಂತ. ಪೂರ್ತಿ ಕೇಳಿ ಬೈಯಲಿಲ್ಲ, ಅಳಲಿಲ್ಲ, ಒಂದ ಪ್ರಶ್ನೆ ಕೇಳಿದ್ಲಂತ, "ಇದನ್ನ ಠರಾವು ಪುಸ್ತಕದಾಗ ಬರಸ್ತೀಯೇನು?"

ನಾನೂ ಈ ಬಗ್ಗೆ ವಿಚಾರ ಮಾಡಿದ್ದಿಲ್ಲ ನೋಡ್ರಿ. ಸಭೆಯಾಗ ಬಾಯಿಲೆ ಹೇಳಿದ್ರ ಸಾಕು ಅಂತ ನಾವಿಬ್ರೂ ಇದ್ವಿ. ಪುಸ್ತಕ ಬರದಾಕಿಗೆ ಗೊತ್ತು ಹೆಸರು ಎಲ್ಲಿ ಕೆಟ್ಟಿತ್ತು ಅಂತ.

ಶುಕ್ರವಾರ ಬರಸಿದ್ಲು. ಜುಲೈದಾಗ ರೊಕ್ಕ ಬಳಸಿದ್ದು ತಾನು, ಕಸ್ತೂರಿಯವರದು ಏನೂ ತಪ್ಪಿಲ್ಲ, ಬಡ್ಡಿ 720 ಈ ದಿನ ಜಮಾ. ಹದಿಮೂರು ಮಂದಿ ಸಹಿ ಹೆಬ್ಬಟ್ಟು ಆದ್ವು, ಈಕಿ ಸಹಿ ಎರಡು ಸಾಲು ಹಿಡೀತು ಅಷ್ಟ ನಡಗಿತ್ತು ಕೈ. ಪ್ರತಿನಿಧಿ ಸ್ಥಾನದಿಂದ ತಗದ್ರು, ಕಂಪ್ಲೇಂಟ್ ಕೊಡಲಿಲ್ಲ, ಸಂಘದಾಗಿನ ಇಬ್ರು ಈಗೂ ಈಕಿ ಜೋಡಿ ಮಾತಾಡೂದಿಲ್ಲ. ಕಸ್ತೂರಿ ಆ ಪುಟದ ಫೋಟೋ ಮಗನ ಮೊಬೈಲ್‌ದಾಗ ತಗಿಸ್ಕೊಂಡ್ಲು. ಸಂಘಕ್ಕ ಮಾತ್ರ ಹೊಳ್ಳಿ ಬರಲಿಲ್ಲ.

ಮುಡಿಪು ಏನ್ ಮಾಡ್ಲಿ ಅಂತ ಕೇಳಿದ್ಲು. ಅದು ನಿಮ್ಮದು ದೇವರದು ವ್ಯವಹಾರ, ನಾ ನಡುವ ಬರೂದಿಲ್ಲ ಅಂದೆ. ಭರತ ಹುಣ್ಣಿಮಿಗೆ ಗುಡ್ಡಕ್ಕ ಹೋಗಿ ಎಲ್ಲಮ್ಮಂದು ಮುಟ್ಟಿಸಿ ಬರತೀನಿ, ಬಸ್ಸಿಗೆ ಹೋಗ್ತೀನಿ ಅಂದ್ಲು. ಕಸ್ತೂರಿನ್ನೂ ಕರದಿದ್ಲಂತ ಜೋಡಿ.

"ಏನಂದ್ರು?"

"ಜಾತ್ರಿ ಮುಂದ ಬ್ಲೌಸ್ ಭಾಳ ಬಂದಾವು, ಪುರಸೊತ್ತಿಲ್ಲ ಅಂದ್ಲ್ರಿ."