ಸಂಪಾದಕರ ಉತ್ತರ: ನಾನ ಕತ್ತರಿ ಹಾಕಿದ ಭಾಗ

ಅಕ್ಕಾರ, ನಮಸ್ಕಾರ್ರಿ.

ಹಾವೇರಿಯಿಂದ ನೀವು ಬರದ ನಾಲ್ಕು ಪುಟದ ಪತ್ರ ಎರಡ ಸಲ ಓದಿದೆ. ಹೋದ ಸಂಚಿಕಿಯೊಳಗ ಒಬ್ರು ಸೈಕಾಲಜಿಸ್ಟ್ ಮೇಡಮ್ಮಾರ ಬಗ್ಗೆ ಹಾಕಿದ್ವಿ, ‘ನೋವು ಉಂಡವರಿಗೇ ನೋವು ತಿಳಿತೈತಿ’ ಅಂತ ಹೆಡ್ಡಿಂಗು. ನೀವು ಅದನ್ನ ಹಿಡಕೊಂಡೀರಿ. ನಿಮ್ಮ ಮಗನ್ನ ತೋರ್ಸಾಕ ಹೋದಲ್ಲೆ ಕೌನ್ಸೆಲರ್ ತಮ್ಮ ಡೈವೋರ್ಸ್ ಕಥಿ ಅರ್ಧ ತಾಸು ಹೇಳಿದ್ರು, ನೀವು ಬಾಯಿ ತಗಿಯೂದ್ರಾಗ ಟೈಮ್ ಮುಗೀತು, 800 ರೂಪಾಯಿ ಕೊಟ್ಟು ಬಸ್ ಹತ್ತಿದ್ರಿ. “ಅವರೂ ನೋವು ಉಂಡವರ ಅಲ್ಲೇನ್ರಿ?” ಅಂತ ಕೇಳೀರಿ.

ಹೆಡ್ಡಿಂಗ್ ಕೊಟ್ಟಾಂವ ನಾನ ರೀ, ತಪ್ಪು ನಂದ. ನೋವು ಉಂಡ್ರ ಸಾಕು ಅನ್ನೂದಾದ್ರ ನಮ್ಮ ಹುಬ್ಬಳ್ಳಿ ಓಣ್ಯಾಗ ಮನಿಗೊಬ್ರು ಸೈಕಾಲಜಿಸ್ಟ್ ಇರ್ತಿದ್ರು. ಅದಕ್ಕಿಂತ ದೊಡ್ಡ ತಪ್ಪು ಅಂದ್ರ ಜಾಗ ಸಾಲ್ಲಿಲ್ಲಂತ ಆ ಲೇಖನದಾಗ ಮುಖ್ಯ ಭಾಗಕ್ಕ ಕತ್ತರಿ ಹಾಕಿದ್ದು, ಅದನ್ನ ಈಗ ಹೇಳ್ತೀನಿ.

ಆ ಮೇಡಮ್ಮಾರದು ಬೆಟಗೇರಿ, ನೇಕಾರ ಮನಿ. ಅಣ್ಣಗ ಸ್ಕಿಜೋಫ್ರೇನಿಯಾ ಅನ್ನೋ ಮನೋರೋಗ, ಓಣ್ಯಾಗಿನ ಮಂದಿ ಗಾಳಿ ಸೋಕೇತಿ ಅಂತಿದ್ರು. ಅಂವ ಗುಳಿಗಿ ಒಲ್ಲೆ ಅಂತಿದ್ದ, ಅವ್ವ ಅದನ್ನ ಲಟ್ಟಣಗಿಲೆ ಪುಡಿ ಮಾಡಿ ಶೇಂಗಾ ಹಿಂಡ್ಯಾಗ ಕಲಸಿ ರೊಟ್ಟಿಗೆ ಹಚ್ಚಿ ಕೊಡ್ತಿದ್ಲು, ಮಗ್ಗದ ಸಪ್ಪಳದಾಗ ಗುಳಿಗಿ ಕುಟ್ಟೂದು ಯಾರಿಗೂ ಕೇಳ್ತಿದ್ದಿಲ್ಲ. ಒಂದಿನ ಅಂವಗ ಗೊತ್ತಾತು. ಮುಂದ ಎರಡ ತಿಂಗಳು ಅವ್ವನ ಕೈಯಾಗಿಂದು ನೀರೂ ಮುಟ್ಟಲಿಲ್ಲಂತ, ಖಾನಾವಳ್ಯಾಗ ಉಂಡ. ದವಾಖಾನ್ಯಾಗ ಇದನ್ನ ಹೇಳಿ ಅವ್ವ ಬೈಸ್ಕೊಂಡು ಬಂದ್ಲು, ಆಮ್ಯಾಲೆ ಯಾರ ಮುಂದೂ ಬಾಯಿ ಬಿಡಲಿಲ್ಲ.

ಈಗ ಯಾವ ಮನಿಯವರು ಬಂದ್ರೂ ಈ ಮೇಡಮ್ಮಾರು ಮೊದಲ ಹೊರಗ ಬಾಕಿನ ಮ್ಯಾಲ ಕುಂತ ತಾಯೀನ ಒಳಗ ಕರೀತಾರ. “ಗುಳಿಗಿ ಹೆಂಗ ಕೊಡ್ತೀರಿ ಅವ್ವಾರ? ಸಾರಿನ್ಯಾಗೋ, ರೊಟ್ಟ್ಯಾಗೋ?” ಇಷ್ಟ ಕೇಳೂದು. ಅದಕ್ಕ ಎದುರಿಗೆ ಕುಂತಾಕಿ ದುಃಖ ಒತ್ತರಿಸಿ ಬರತೈತಿ, ಯಾಕಂದ್ರ ಇಷ್ಟು ವರ್ಷ ಮುಚ್ಚಿಟ್ಟಿದ್ದು ಅದ. ತಮ್ಮ ಅಣ್ಣನ ಸುದ್ದಿ ಮಾತ್ರ ಒಂದಿನಾನೂ ಎತ್ತೂದಿಲ್ಲ ನೋಡ್ರಿ. ಕದ್ದು ಕೊಟ್ರ ನಂಬಿಕಿ ಹೆಂಗ ಮುರೀತೈತಿ ಅಂತ ತಿಳಿಸಿ ಹೇಳಿ, ಸೈಕಿಯಾಟ್ರಿಸ್ಟ್ ಅಂದ್ರ ಔಷಧ ಬರಕೊಡೋ ಮನೋರೋಗದ ಡಾಕ್ಟರ್ ಕಡೆ ಕಳಸ್ತಾರ, ಗುಳಿಗಿ ಬದ್ಲಿ ತಿಂಗಳಿಗೊಮ್ಮೆ ಮಾಡೋ ಇಂಜೆಕ್ಷನ್ನೂ ಅದಾವ, ಪೇಷಂಟ್‌ಗೆ ಹೊಂದತೈತೇನು ಅಂತ ಆ ಡಾಕ್ಟರ ನೋಡಬೇಕು. ಏನು ಕೇಳಬೇಕು ಅನ್ನೂದು ಬೆಟಗೇರಿ ಮನ್ಯಾಗಿಂದ ಬಂತು, ಕೇಳಿದ ಮ್ಯಾಲ ಏನು ಮಾಡಬೇಕು ಅನ್ನೂದು ಎರಡ ವರ್ಷದ ಎಂ.ಫಿಲ್‌ನ್ಯಾಗ ಕಲ್ತದ್ದು.

ಅಮೆರಿಕಾದ ಸೈಕಾಲಜಿಸ್ಟ್ ಮಾರ್ಷಾ ಲಿನೆಹನ್ ಅವರನ್ನ ತಗೋರಿ. 1961ರಾಗ, 17 ವಯಸ್ಸಿಗೆ, ಮಾನಸಿಕ ಆಸ್ಪತ್ರಿ ಸೇರಿ ಎರಡ ವರ್ಷದ ಮ್ಯಾಲ ಅಲ್ಲೇ ಇದ್ದವರು. ಮುಂದ ತಮಗ ತಾವ ಹಾನಿ ಮಾಡ್ಕೊಳ್ಳೋರಿಗೆ ಡಿಬಿಟಿ ಅನ್ನೋ ಚಿಕಿತ್ಸಾ ಕಟ್ಟಿದ್ರು, ಅದರ ಪುಸ್ತಕ ಬಂದಿದ್ದು 1993ಕ್ಕ, ತಮ್ಮ ಕಥಿ ಜನರ ಮುಂದ ಹೇಳಿದ್ದು 2011ಕ್ಕ! ಹದಿನೆಂಟು ವರ್ಷ. ನಿಮ್ಮ ಕೌನ್ಸೆಲರ್‌ಗೆ ಅರ್ಧ ತಾಸೂ ತಡಿಯಾಕ ಆಗಲಿಲ್ಲ.

ಮನಿ ಮಂದೀನ ಹೊರಗ ಕುಂಡ್ರಸಬಾರದು ಅನ್ನೂದು ನಮ್ಮ ದೇಶಕ್ಕ ಹೊಸಾದೇನಲ್ಲ. 1950ರ ದಶಕದಾಗ ಅಮೃತಸರದ ಮಾನಸಿಕ ಆಸ್ಪತ್ರ್ಯಾಗ ಡಾ. ವಿದ್ಯಾಸಾಗರ್ ಅವರು ಕಂಪೌಂಡಿನೊಳಗ ಟೆಂಟ್ ಹಾಕ್ಸಿ ಪೇಷಂಟ್ ಜೋಡಿ ಮನಿಯವರನ್ನೂ ಇಟ್ಕೊಂಡಿದ್ರು.

ಇನ್ನ ನಿಮ್ಮ ಕಡೀ ಪ್ರಶ್ನಿ, “ನಾ ಎಲ್ಲಿಗೆ ಹೋಗ್ಲಿ?” ಧಾರವಾಡದ ಡಿಮ್ಹಾನ್ಸ್‌ಗೆ ಹೋಗ್ರಿ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ, ಹುಬ್ಬಳ್ಳಿಗೆ ಬಂದ್ರ ಚಿಗರಿ ಬಸ್ ಐತಿ. ಅಲ್ಲೀತನಕ ತಡಿಯಾಕ ಆಗದ ರಾತ್ರಿ ಬಂದ್ರ 14416ಕ್ಕ ಫೋನ್ ಹಚ್ರಿ, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಾಗ ಮಾತಾಡ್ತಾರ, ದುಡ್ಡಿಲ್ಲ. ಖಾಸಗಿಯವರ ಕಡೆ ಹೋದ್ರ ಕ್ಲಿನಿಕಲ್ ಸೈಕಾಲಜಿಸ್ಟ್ ಅನ್ನೋರಿಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ನಂಬರ್ ಕೇಳ್ರಿ, ಸಂಕೋಚ ಬ್ಯಾಡ. ಒಳಗ ಹೋದಕೂಡ್ಲೇ, ಕುರ್ಚಿ ಎಳ್ಕೊಳ್ಳೂದಕ್ಕಿಂತ ಮೊದಲ, “ನನ್ನ ಜೋಡಿ ಹತ್ತು ನಿಮಿಷ ಬ್ಯಾರೆ ಮಾತಾಡ್ತೀರೇನ್ರಿ?” ಅಂತ ಕೇಳಿಬಿಡ್ರಿ. ಇಲ್ಲ ಅಂದ್ರ ಫೀಸ್ ಕೊಡಬ್ಯಾಡ್ರಿ, ಎದ್ದ ಬರ್ರಿ.

ನಿಮ್ಮ ಪತ್ರ ಹೆಸರು ತಗದು ಮುಂದಿನ ಸಂಚಿಕ್ಯಾಗ ಪೂರ್ತಿ ಹಾಕ್ತೀವಿ, ಈ ಸಲ ಕತ್ತರಿ ಹಾಕೂದಿಲ್ಲ.