ಬೆಂಗಳೂರಿನ ಚಳಿಗೆ ಕುದುರೆ ಲಾಯವನ್ನು ಪೂರ್ತಿ ಮುಚ್ಚಬೇಕೇ?

ಯಲಹಂಕದ ಆಚೆ ಎರಡು ಕುದುರೆಗಳನ್ನು ಸಾಕಿರುವ ನೀವು, ಡಿಸೆಂಬರ್ ಚಳಿಗೆ ಲಾಯದ ಸುತ್ತ ಟಾರ್ಪಾಲು ಕಟ್ಟಿ, ಕಂಬಳಿ ಹೊದಿಸಬೇಕೇ ಎಂದು ಕೇಳಿದ್ದೀರಿ. ಪೂರ್ತಿ ಮುಚ್ಚುವುದು ಬೇಡ. ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ; ಮೈ ಒಣಗಿದ್ದು ಹೊಟ್ಟೆ ತುಂಬಿದ್ದರೆ ಆರೋಗ್ಯವಂತ ಕುದುರೆ ಸುಮಾರು 5 ಡಿಗ್ರಿಯವರೆಗಿನ ಚಳಿಯನ್ನು ನಿರಾಯಾಸವಾಗಿ ತಾಳಿಕೊಳ್ಳುತ್ತದೆ.

ಚಳಿಗಿಂತ ಹೆಚ್ಚು ಕೆಡುಕು ಮಾಡುವುದು ಕಟ್ಟಿದ ಗಾಳಿ. ಮೂತ್ರದಲ್ಲಿ ನೆನೆದ ಹಾಸಿನಿಂದ ಏಳುವ ಅಮೋನಿಯಾ, ಹುಲ್ಲಿನ ಧೂಳು ಮತ್ತು ಉಸಿರಿನ ತೇವ ಹೊರಹೋಗಲು ದಾರಿಯಿಲ್ಲದಿದ್ದರೆ ಕುದುರೆಗೆ ಕೆಮ್ಮು ಹಿಡಿದು, ಕ್ರಮೇಣ ಶ್ವಾಸಕೋಶವೇ ಕೆಡಬಹುದು. ಆದ್ದರಿಂದ ಗಾಳಿ ನೇರವಾಗಿ ಮೈಗೆ ಬಡಿಯುವ ಬದಿಗಷ್ಟೇ ಕುದುರೆಯ ಬೆನ್ನಿನೆತ್ತರಕ್ಕೆ ತಡೆ ಕಟ್ಟಿ, ಸೂರಿನಡಿಯ ಕಿಂಡಿಗಳನ್ನು ತೆರೆದಿಟ್ಟು, ಒದ್ದೆ ಹಾಸನ್ನು ದಿನವೂ ತೆಗೆಯಿರಿ. ಇದು ಗೊರಸಿನ ಕೊಳೆತವನ್ನೂ ತಡೆಯುತ್ತದೆ.

ಮೈ ಬೆಚ್ಚಗಿರಲು ಹುರುಳಿ ಹೆಚ್ಚಿಸುವ ರೂಢಿ ನಮ್ಮಲ್ಲಿದೆ. ಆದರೆ ನಾರಿನ ಮೇವು ದೊಡ್ಡ ಕರುಳಿನಲ್ಲಿ ಹುದುಗುವಾಗ ಹೆಚ್ಚು ಶಾಖ ಹುಟ್ಟುವುದರಿಂದ, ರಾತ್ರಿಗೆ ಒಣಹುಲ್ಲನ್ನೇ ಧಾರಾಳವಾಗಿ ಹಾಕುವುದು ಲೇಸು. ನೀರು ಹೆಪ್ಪುಗಟ್ಟುವ ಲಡಾಖ್‌ನಂಥ ಕಡೆ ತೊಟ್ಟಿಯನ್ನು ಬೆಚ್ಚಗಿಡಲೇಬೇಕು. ಇಲ್ಲಿ ಆ ತೊಂದರೆಯಿಲ್ಲವಾದರೂ, ಕುದುರೆ ನೀರು ಕಡಿಮೆ ಕುಡಿದರೆ ಮೇವು ಕರುಳಿನಲ್ಲಿ ಗಟ್ಟಿಯಾಗಿ ತೀವ್ರ ಹೊಟ್ಟೆನೋವು ಬರುವುದರಿಂದ, ಎಷ್ಟು ಕುಡಿಯುತ್ತಿದೆ ಎಂದು ಗಮನಿಸುತ್ತಿರಿ.

ಕಂಬಳಿ ಬೇಕಾಗುವುದು ಮೈಗೂದಲು ಕತ್ತರಿಸಿದ, ಮುದಿಯಾದ ಅಥವಾ ಬಡಕಲಾದ ಕುದುರೆಗೆ ಮಾತ್ರ. ಒದ್ದೆ ಮೈಮೇಲಂತೂ ಹೊದಿಸಬಾರದು.