ಪಿತ್ತಕೋಶ ತೆಗೆಸಿದ್ದರಿಂದಲೇ ಕ್ಯಾನ್ಸರ್ ಬಂತೇ?

ಪ್ರಶ್ನೆ: ಡಾಕ್ಟರೇ, ನನ್ನ ತಂದೆಗೆ 68 ವರ್ಷ. ಕಾಮಾಲೆ ಬಂತೆಂದು ತೋರಿಸಿದಾಗ ಮೇದೋಜೀರಕ ಗ್ರಂಥಿಯ ತಲೆಭಾಗದಲ್ಲಿ ಕ್ಯಾನ್ಸರ್ ಗಡ್ಡೆ ಇದೆ ಎಂದರು. ಕಲ್ಲಿನ ನೋವು ತಾಳಲಾರದೆ ಒದ್ದಾಡುತ್ತಿದ್ದಾಗ, ಹಿಂದೆ ಅವರ ಪಿತ್ತಕೋಶ ತೆಗೆಸಿದ್ದೆವು. ಒತ್ತಾಯ ಮಾಡಿದ್ದು ನಾನೇ. ಪಿತ್ತಾಮ್ಲದಿಂದ ಈ ಕ್ಯಾನ್ಸರ್ ಬರುತ್ತದೆ ಎಂದು ಈಗ ಓದಿದೆ. ನನ್ನಿಂದಲೇ ಹೀಗಾಯಿತೇ?

ಉತ್ತರ: ಇದರಲ್ಲಿ ನಿಮ್ಮ ತಪ್ಪು ಖಂಡಿತ ಇಲ್ಲ. ಆ ಕಲ್ಲು ಜಾರಿ ನಾಳದಲ್ಲಿ ಸಿಕ್ಕಿಕೊಂಡಿದ್ದರೆ ಮೇದೋಜೀರಕವೇ ಊದಿಕೊಂಡು ಜೀವಕ್ಕೆ ಕುತ್ತು ಬರಬಹುದಿತ್ತು. ನೀವು ಮಾಡಿಸಿದ್ದು ಸರಿಯಾದ ಆಪರೇಷನ್.

ಓದಿದ್ದು ಪೂರ್ತಿ ಸುಳ್ಳಲ್ಲ. ಲಿವರ್ ಕೊಲೆಸ್ಟರಾಲ್‌ನಿಂದ ಪಿತ್ತಾಮ್ಲ ತಯಾರಿಸುತ್ತದೆ. ಸೋಪು ಎಣ್ಣೆಜಿಡ್ಡನ್ನು ಬಿಡಿಸುವ ಹಾಗೆ ಅದು ಕೊಬ್ಬನ್ನು ಬಿಡಿಸುತ್ತದೆ. ಪಿತ್ತನಾಳ ಮತ್ತು ಮೇದೋಜೀರಕದ ನಾಳ ಹೆಚ್ಚಿನವರಲ್ಲಿ ಸಣ್ಣಕರುಳಿನ ಬಾಗಿಲಲ್ಲಿ ಕೂಡಿಕೊಳ್ಳುತ್ತವೆ. ಬಾಗಿಲು ಕಟ್ಟಿಕೊಂಡರೆ ಪಿತ್ತ ಹಿಂದಕ್ಕೆ ನುಗ್ಗಬಹುದು. ಅಮೆರಿಕದ ರೋಗಶಾಸ್ತ್ರಜ್ಞ ಯೂಜೀನ್ ಓಪಿ 1901ರಲ್ಲೇ ಶವಪರೀಕ್ಷೆಯಲ್ಲಿ ಅಲ್ಲಿ ಸಿಕ್ಕಿಕೊಂಡ ಪುಟ್ಟ ಕಲ್ಲನ್ನು ಕಂಡು ಇದನ್ನು ವಿವರಿಸಿದ್ದರು. ಕರುಳಿನ ಬ್ಯಾಕ್ಟೀರಿಯಾ ಪಿತ್ತಾಮ್ಲವನ್ನು ಮಾರ್ಪಡಿಸಿ ಡಿಯಾಕ್ಸಿಕೋಲಿಕ್ ಆಮ್ಲ ಮಾಡುತ್ತವೆ. ಪ್ರಯೋಗಾಲಯದಲ್ಲಿ ಇದು ಕ್ಯಾನ್ಸರ್ ಕೋಶಗಳಿಗೆ ಬೆಳೆಯಲು ಕುಮ್ಮಕ್ಕು ಕೊಟ್ಟಿದ್ದುಂಟು. ಆದರೆ ಪ್ರಮಾಣ ಜಾಸ್ತಿಯಾದರೆ ಪಿತ್ತಾಮ್ಲ ಕೋಶಗಳನ್ನು ಕೊಲ್ಲುತ್ತದೆ ಕೂಡ. ಪ್ರಯೋಗಾಲಯದ ತಟ್ಟೆಯಲ್ಲಿ ಕಂಡದ್ದೆಲ್ಲ ಮನುಷ್ಯನಲ್ಲಿ ನಡೆಯಬೇಕೆಂದಿಲ್ಲ, ಅಲ್ವಾ?

ನಿಮ್ಮ ತಂದೆಯಂಥ ರೋಗಿಗಳ ರಕ್ತದಲ್ಲಿ ಪಿತ್ತಾಮ್ಲ ಏರಿರುತ್ತದೆ, ನಿಜ. ಆದರೆ ಯಾವುದು ಮೊದಲು? ತಲೆಭಾಗದ ಗಡ್ಡೆ ಪಿತ್ತನಾಳವನ್ನು ಹಿಸುಕುತ್ತದೆ, ಹೋಗಲು ದಾರಿ ಇಲ್ಲದೆ ಪಿತ್ತ ರಕ್ತಕ್ಕೆ ಸೇರುತ್ತದೆ. ಕಣ್ಣು ಹಳದಿ, ಮಲ ಬಿಳಿಚು, ಮೈಯೆಲ್ಲ ತುರಿಕೆ. ಕಟ್ಟಿಕೊಂಡ ಪಿತ್ತನಾಳ ತೆರೆಯಲು ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕುವಾಗ ನಾನು ನೋಡುತ್ತಿರುತ್ತೇನೆ: ಅದು ಒಳಗೆ ಕೂತ ತಕ್ಷಣ ಕಟ್ಟಿಕೊಂಡಿದ್ದ ಕಪ್ಪುಹಸಿರು ಪಿತ್ತ ಬಳಬಳನೆ ಕರುಳಿಗೆ ಇಳಿಯುತ್ತದೆ. ರಾತ್ರಿಯೆಲ್ಲ ಕೆರೆದುಕೊಂಡು ನಿದ್ದೆ ಇಲ್ಲದವರು ಕೆಲವೇ ದಿನಗಳಲ್ಲಿ ನೆಮ್ಮದಿಯಾಗಿ ಮಲಗುತ್ತಾರೆ.

ಹಾಗಾಗಿ ಪಿತ್ತಾಮ್ಲದ ಮೇಲೆ ಅನುಮಾನ ಇದೆ, ಸಾಬೀತಾಗಿಲ್ಲ. ಸಿಗರೇಟು, ಬೊಜ್ಜು, ಹಳೆಯ ಸಕ್ಕರೆ ಕಾಯಿಲೆ, ವರ್ಷಗಟ್ಟಲೆ ಊದಿಕೊಂಡ ಮೇದೋಜೀರಕ, ಇವುಗಳ ಪಾತ್ರ ಗಟ್ಟಿಯಾಗಿ ಗೊತ್ತಿದೆ. ಪಿತ್ತ ಶುದ್ಧಿ ಮಾಡುತ್ತೇವೆ ಎನ್ನುವವರ ಕಷಾಯ, ಪುಡಿ ಸುಮ್ನೆ ಕೊಡಬೇಡಿ.

ಸ್ಟೆಂಟ್ ಹಾಕಿದ್ದರೆ, ಚಳಿಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಊಟ ಜೀರ್ಣವಾಗದೆ ಮಲ ಜಿಡ್ಡಾಗಿದ್ದರೆ ಊಟದ ಜೊತೆ ಕಿಣ್ವದ ಕ್ಯಾಪ್ಸೂಲ್ ಬೇಕೇ ಎಂದು ವಿಚಾರಿಸಿ. ತಂದೆಗೆ ವಂಶವಾಹಿ ಪರೀಕ್ಷೆಯ ಬಗ್ಗೆಯೂ ತಪ್ಪದೆ ಕೇಳಿ. ಅದರ ಫಲಿತಾಂಶ ಅವರ ಔಷಧಿಯ ಆಯ್ಕೆಗೂ ಬೇಕಾಗಬಹುದು, ನಿಮಗೂ ನಿಮ್ಮ ಒಡಹುಟ್ಟಿದವರಿಗೂ ತಪಾಸಣೆ ಬೇಕೇ ಎಂದು ತಿಳಿಯಲೂ ಬೇಕಾಗಬಹುದು.